ತಿರುಳು, ಬೂಸಾ ಮತ್ತು ಷರಾ

ಹುಕ್ಕೇರಿ ಕಡೆ ಪಹಣಿಗೆ ಉತಾರ ಅನ್ನುತ್ತೇವೆ. ಕೈಬರಹದ ಹಳೆಯ ಉತಾರಗಳಲ್ಲಿ ಷರಾ ಅಂತ ಒಂದು ಕಾಲಂ ಇರುತ್ತಿತ್ತು. ಸರ್ವೆ ನಂಬರು, ಎಕರೆ-ಗುಂಟೆ, ಆಕಾರ, ಕಬ್ಜೇದಾರನ ಹೆಸರು ಎಲ್ಲ ಬರೆದು ಮುಗಿದ ಮೇಲೆ ಉಳಿದ ಮಾತಿಗೆ ಆ ಜಾಗ. ನಮ್ಮ ಅಜ್ಜ ಊರ ಚಾಕರಿಯ ವತನದವನು. ಕುಲಕರ್ಣಿ ಮೋಡಿ ಲಿಪಿಯಲ್ಲಿ ಕಾಗದ ಬರೆಯುತ್ತಿದ್ದ, ಅಜ್ಜ ಅದನ್ನು ಹೊತ್ತು ಮುಂದಿನ ಊರಿಗೆ ಓಡುತ್ತಿದ್ದ. ಹೊತ್ತದ್ದರಾಗ ಏನೈತಿ ಅಂತ ಅವನಿಗೆ ಗೊತ್ತಿರಲಿಲ್ಲ. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯಿದೆ ಬಂದು ಆ ಚಾಕರಿ ಹೋಯಿತು. ವತನದ ತುಂಡು ಹೊಲ ಮರುಮಂಜೂರಾಗಿ ಅಜ್ಜನ ಹೆಸರಿಗೆ ಬಂತು. ಪರವಾನಗಿ ಇಲ್ಲದೆ ಪರಭಾರೆ ಮಾಡುವಂತಿಲ್ಲ ಎಂಬ ಒಂದು ಸಾಲು ಷರಾದಲ್ಲಿ ಬಿತ್ತು. 2000ದ ಆಸುಪಾಸಿನಲ್ಲಿ ಕೈಬರಹದ ಉತಾರಗಳು ಕಂಪ್ಯೂಟರಿಗೆ ಏರಿದವು. ಅಜ್ಜನ ಹೆಸರು ಏರಿತು, ಗುಂಟೆ ಏರಿತು, ಆ ಸಾಲು ಮಾತ್ರ ಏರಲಿಲ್ಲ. ಕೇಳಲಿಕ್ಕೆ ಹೋದಾಗ ಕಂಪ್ಯೂಟರ್ ಮುಂದೆ ಕೂತಿದ್ದ ಹುಡುಗ ಸಮಾಧಾನದಿಂದಲೇ ಹೇಳಿದ: “ಅದು ಬರೇ ಷರಾರೀ ಅಣ್ಣಾರ, ಡೇಟಾ ಅಲ್ಲ.”

ಆ ಹೊಲದ ಮುಂದಿನ ಕತೆ ಇನ್ನೂ ಮುಗಿದಿಲ್ಲ, ಇಲ್ಲಿ ಅದು ಬೇಡ. ಆದರೆ ‘ಬರೇ ಷರಾ’ ಅನ್ನುವ ಮಾತು ನನ್ನನ್ನು ಬಿಡಲಿಲ್ಲ. ನಾನು ಓದಿದ್ದು ಕಂಪ್ಯೂಟರ್ ಡಿಪ್ಲೊಮಾ, ಹೊಟ್ಟೆಪಾಡಿಗೆ ಕಲಿಸುವುದೂ ಅದನ್ನೇ. ದಲಿತ ವಿಮರ್ಶೆಯ ಸಂಚಿಕೆಗೆ ಏನಾದರೂ ಬರೆದುಕೊಡು ಎಂದು ಗೆಳೆಯರು ಕೇಳಿದಾಗ, ಕಾವ್ಯ-ಕಾದಂಬರಿಗಳ ಬಗ್ಗೆ ಬರೆಯಬಲ್ಲವರು ಬಹಳ ಮಂದಿ ಇದ್ದಾರೆ, ನಾನು ನನಗೆ ಗೊತ್ತಿರುವ ಷರಾದ ಚರಿತ್ರೆ ಬರೆಯುತ್ತೇನೆ ಅಂದೆ. ಕಂಪ್ಯೂಟರಿನ ಒಳಗಿನ ಷರಾ ಅದು.

ಪ್ರತಿ ಕಂಪ್ಯೂಟರಿನಲ್ಲೂ, ಈಗ ಪ್ರತಿ ಮೊಬೈಲಿನಲ್ಲೂ, ಎಲ್ಲ ಪ್ರೋಗ್ರಾಮುಗಳ ಕೆಳಗೆ ಒಂದು ಪ್ರೋಗ್ರಾಮು ಇರುತ್ತದೆ. ಯಾರಿಗೆ ಎಷ್ಟು ಹೊತ್ತು ಯಂತ್ರ ಸಿಗಬೇಕು, ಯಾರಿಗೆ ಎಷ್ಟು ನೆನಪಿನ ಜಾಗ ಸಿಗಬೇಕು, ಯಾರು ಯಾವ ಬಾಗಿಲು ತೆಗೆಯಬಹುದು ಎಂದು ತೀರ್ಮಾನಿಸುವುದು ಅದು. ಅದರ ಹೆಸರು ಕರ್ನಲ್, ಅಂದರೆ ತಿರುಳು. ತಿರುಳು ಎಂಬ ಮಾತಿಗೆ ನಮ್ಮಲ್ಲಿ ದೊಡ್ಡ ಇತಿಹಾಸವಿದೆ. ಕವಿರಾಜಮಾರ್ಗ ಕನ್ನಡದ ತಿರುಳಿನ ಸೀಮೆಗೆ ಗುರುತು ಹಾಕುವಾಗ ಹೆಸರಿಸುವ ನಾಲ್ಕು ಊರುಗಳಲ್ಲಿ ಒಕ್ಕುಂದವೂ ಒಂದು. ಅದು ನಮ್ಮ ಬೆಳಗಾವಿ ಜಿಲ್ಲೆಯದೇ. ತಿರುಳು ಯಾವುದು ಎಂದು ಗೆರೆ ಎಳೆದ ಕೂಡಲೇ ಸಿಪ್ಪೆ ಯಾವುದು ಎಂಬ ಪ್ರಶ್ನೆಯೂ ಬರುತ್ತದೆ. 1973ರಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದ ಬಹುಪಾಲು ಬೂಸಾ ಅಂದು, ಮಂತ್ರಿ ಪದವಿಯನ್ನೇ ಬಿಡಬೇಕಾಗಿ ಬಂತು. ತಿರುಳು ಅಂತ ಹೊತ್ತು ಮೆರೆಸಿದ್ದನ್ನು ಒಬ್ಬ ದಲಿತ ತೂರಿ ನೋಡಿದ್ದೇ ತಪ್ಪಾಯಿತು. ದಲಿತ ವಿಮರ್ಶೆ ಶುರುವಾದದ್ದೇ ಆ ತೂರುವ ಕೆಲಸದಿಂದ ಎಂದು ನಾನು ತಿಳಿದಿದ್ದೇನೆ.

ಕರ್ನಲ್ಲನ್ನು ಮನುಷ್ಯರು ಹೆಚ್ಚಾಗಿ ಸಿ ಎಂಬ ಭಾಷೆಯಲ್ಲಿ ಬರೆಯುತ್ತಾರೆ. ಬರೆಯುವಾಗ ನಡುನಡುವೆ, ಗೆರೆ ಮತ್ತು ನಕ್ಷತ್ರದ ಗುರುತುಗಳ ಒಳಗೆ, ಮನುಷ್ಯರ ಮಾತಿನಲ್ಲಿ ಒಂದೆರಡು ಸಾಲು ಬರೆದಿಡುತ್ತಾರೆ. ಇಲ್ಲಿ ಹೀಗೇಕೆ ಮಾಡಿದೆ, ಇದನ್ನು ಮುಟ್ಟಿದರೆ ಏನಾಗುತ್ತದೆ, ಇದು ಸರಿಯಿಲ್ಲ ಆದರೆ ಬೇರೆ ದಾರಿ ಇಲ್ಲ, ಇತ್ಯಾದಿ. ಇದೇ ಕಾಮೆಂಟು. ಈ ಬರಹವನ್ನು ಯಂತ್ರಭಾಷೆಗೆ ಇಳಿಸುವ ಕಂಪೈಲರಿಗೆ ಕಾಮೆಂಟು ಬೇಡ. ಸಿ ಭಾಷೆಯ ನಿಯಮದ ಪ್ರಕಾರ ಒಂದೊಂದು ಕಾಮೆಂಟನ್ನೂ, ಅದು ಒಂದು ಪದವಿರಲಿ ಒಂದು ಪುಟವಿರಲಿ, ಅಳಿಸಿ ಅಲ್ಲಿ ಒಂದೇ ಒಂದು ಖಾಲಿ ಜಾಗ ಬಿಡಬೇಕು. ಯಂತ್ರಕ್ಕೆ ಅದು ಬೂಸಾ. ಮನುಷ್ಯರಿಗೆ ಮಾತ್ರ ಒಳಗೆ ಹೋಗಲು ಇರುವ ಬಾಗಿಲು ಅದೊಂದೇ.

ಈ ಬಾಗಿಲು ನಮ್ಮಂಥವರ ಮುಖದ ಮೇಲೆ ಮುಚ್ಚಿದ್ದು ನನಗೆ ಗೊತ್ತಾದದ್ದು 2238ನೆಯ ಸಾಲಿನಿಂದ. ಅಮೆರಿಕದ ಬೆಲ್ ಲ್ಯಾಬ್ಸಿನಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಕಟ್ಟಿದ ಯುನಿಕ್ಸಿನ ಆರನೆಯ ಆವೃತ್ತಿ ಬಂದದ್ದು 1975ರಲ್ಲಿ. ಅದರ ಕರ್ನಲ್ ಸುಮಾರು 9000 ಸಾಲುಗಳದು. ಒಂದು ಕೆಲಸವನ್ನು ನಿಲ್ಲಿಸಿ ಯಂತ್ರವನ್ನು ಇನ್ನೊಂದು ಕೆಲಸಕ್ಕೆ ಒಪ್ಪಿಸುವ ಜಾಗದಲ್ಲಿ, ಕರ್ನಲ್ಲಿನ ಗುಟ್ಟಿನ ಗುಟ್ಟಿನಲ್ಲಿ, ಒಂದು ಸಣ್ಣ ಕಾಮೆಂಟು ಇದೆ. ಇದು ನಿಮಗೆ ಅರ್ಥವಾಗಬೇಕೆಂಬ ನಿರೀಕ್ಷೆ ನಮಗಿಲ್ಲ ಎಂಬುದು ಅದರ ತಾತ್ಪರ್ಯ. ನಮ್ಮ ಡಿಪ್ಲೊಮಾ ತರಗತಿಯಲ್ಲಿ ಮಾಸ್ತರರೊಬ್ಬರು ಆ ಮಾತನ್ನು ಇಂಗ್ಲಿಷಿನಲ್ಲಿ ಹೇಳಿ, ನಕ್ಕು, ನಾವು ಕೂತಿದ್ದ ಹಿಂದಿನ ಬೆಂಚಿನ ಕಡೆ ನೋಡಿ, “ನಿಮಗಂತೂ ಇದು ತಿಳಿಯೂದಲ್ಲ ಬಿಡ್ರೆಪಾ” ಅಂದರು. ಅವತ್ತು ರಾತ್ರಿ ಹಾಸ್ಟೆಲಿನಲ್ಲಿ ನಾನು ಮಾಡಿದ ವ್ಯಾಖ್ಯಾನ ಸರಳವಾಗಿತ್ತು: ಇದು ಮನುವಿನ ಮಾತು. ಕೇಳಿದವನ ಕಿವಿಗೆ ಸೀಸ ಹೊಯ್ಯುವ ಪರಂಪರೆ ಅಮೆರಿಕದಲ್ಲೂ ಐತಿ. ಎಷ್ಟೋ ವರ್ಷ ಭಾಷಣಗಳಲ್ಲಿ ಹಾಗೇ ಹೇಳಿಕೊಂಡು ತಿರುಗಿದೆ.

ಅದು ತಪ್ಪು ವ್ಯಾಖ್ಯಾನ. ಒಪ್ಪಿಕೊಳ್ಳಬೇಕು. ರಿಚಿ ಮುಂದೆ ತಾವೇ ಈ ಸಾಲಿನ ಬಗ್ಗೆ ಬರೆದರು. ಇದು ಪರೀಕ್ಷೆಗೆ ಬರುವುದಿಲ್ಲ ಬಿಡಿ ಎಂದು ಮಾಸ್ತರರು ಹೇಳುವ ಧಾಟಿಯಲ್ಲಿ ಅದನ್ನು ಬರೆದದ್ದಂತೆ, ಸವಾಲಾಗಿ ಅಲ್ಲ. ಮುಖ್ಯ ಮಾತು ಅದರ ನಂತರದ್ದು. ಅಲ್ಲಿ ಏನು ನಡೆಯುತ್ತಿದೆ ಎಂಬುದು ನಮಗೂ ಸರಿಯಾಗಿ ತಿಳಿದಿರಲಿಲ್ಲ ಎಂದರು. ಆ ಯುಕ್ತಿ ನಡೆಯುತ್ತಿದ್ದದ್ದು ಪಿಡಿಪಿ-11 ಯಂತ್ರದ ಕಂಪೈಲರಿನ ಒಂದು ರೂಢಿಯ ಬಲದಿಂದ. ಯುನಿಕ್ಸನ್ನು ಬೇರೆ ಯಂತ್ರಕ್ಕೆ ಒಯ್ಯಲು ಹೋದಾಗ ಅದು ಮುರಿದುಬಿತ್ತು, ಏಳನೆಯ ಆವೃತ್ತಿಗೆ ಬೇರೆ ರೀತಿ ಬರೆಯಬೇಕಾಯಿತು. ಅಂದರೆ ನಿಮಗೆ ಅರ್ಥವಾಗಲಿಕ್ಕಿಲ್ಲ ಎಂಬ ಸಾಲಿನ ಹಿಂದೆ ಇದ್ದದ್ದು ನಮಗೂ ಆಗಿಲ್ಲ ಎಂಬ ಸಾಲು. ನಮ್ಮ ಮಾಸ್ತರರ ನಗೆ ಬರೆದವರದಲ್ಲ, ಅದು ನಮ್ಮೂರಿನದೇ. ಕಾಮೆಂಟಿನಲ್ಲಿ ಜಾತಿ ಇರಲಿಲ್ಲ, ಅದನ್ನು ಓದಿ ಹೇಳಿದ ದನಿಯಲ್ಲಿ ಇತ್ತು. ಪಠ್ಯದಲ್ಲಿ ಯಜಮಾನಿಕೆ ಹುಡುಕುವ ಆತುರದಲ್ಲಿ ಪಾಠ ಹೇಳುವವನನ್ನು ನೋಡದೆ ಬಿಡುವುದು ನಮ್ಮ ವಿಮರ್ಶೆಗೆ ಅಂಟಿದ ಒಂದು ಚಟ. ನನಗೂ ಅಂಟಿತ್ತು.

ಆ ಸಾಲಿಗೆ ನಿಜವಾದ ಉತ್ತರ ಕೊಟ್ಟವರು ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಜಾನ್ ಲಯನ್ಸ್. ಅರ್ಥವಾಗಬೇಕಿಲ್ಲ ಎಂದರೂ ಅರ್ಥ ಮಾಡಿಸುತ್ತೇನೆ ಎಂದು ಹೊರಟ ಮೇಷ್ಟ್ರು ಅವರು. 1977ರಲ್ಲಿ ತಮ್ಮ ವಿದ್ಯಾರ್ಥಿಗಳಿಗಾಗಿ ಎರಡು ಪುಸ್ತಕ ಮಾಡಿದರು. ಒಂದರಲ್ಲಿ ಸಾಲು ಸಾಲಿಗೂ ನಂಬರು ಹಾಕಿದ ಯುನಿಕ್ಸಿನ ಮೂಲ, ಇನ್ನೊಂದರಲ್ಲಿ ಆ ನಂಬರು ಹಿಡಿದು ಬರೆದ ಟೀಕೆ. 2238 ಎಂಬ ಅಂಕಿ ಜಗತ್ತಿನ ಬಾಯಲ್ಲಿ ಉಳಿದದ್ದು ಲಯನ್ಸರ ಆ ನಂಬರಿನಿಂದ. ಕನ್ನಡದಲ್ಲಿ ಟೀಕೆ ಎಂಬ ಶಬ್ದಕ್ಕೆ ಎರಡು ಅರ್ಥ, ಬಿಡಿಸಿ ಹೇಳುವುದು ಮತ್ತು ತಪ್ಪು ತೋರಿಸುವುದು. ಲಯನ್ಸ್ ಎರಡನ್ನೂ ಮಾಡಿದರು. ಬೆಡಗಿನ ವಚನಗಳಿಗೆ ಟೀಕೆ ಬರೆದ ನಮ್ಮವರು ಬೆಡಗು ಬಿಡಿಸುವಾಗ ಭಕ್ತಿಯಿಂದ ಕೈಮುಗಿದು ಕೂತಿರುತ್ತಾರೆ. ಲಯನ್ಸರದು ಅಂಥ ಭಕ್ತಿಯಲ್ಲ. ಇಲ್ಲಿ ಕೋಡು ಚಂದಾಗಿದೆ, ಇಲ್ಲಿ ಸುಮ್ಮನೆ ಸುತ್ತಿ ಬಳಸಿದೆ ಎನ್ನುವ ಓದು.

ಆಮೇಲೆ ನಡೆದದ್ದು ನಮಗೆ ಹೊಸದೇನಲ್ಲ. ಯುನಿಕ್ಸಿನ ಒಡೆತನ ಇದ್ದದ್ದು ಎಟಿ ಅಂಡ್ ಟಿ ಕಂಪನಿಯದು. 1979ರ ಏಳನೆಯ ಆವೃತ್ತಿಯ ಲೈಸೆನ್ಸಿನಲ್ಲಿ ಮೂಲವನ್ನು ತರಗತಿಯಲ್ಲಿ ಪಾಠಕ್ಕೆ ಬಳಸಕೂಡದು ಎಂಬ ಷರತ್ತು ಬಂತು. ಓಡಿಸಬಹುದು, ಓದಿಸಬಾರದು. ನಮ್ಮ ಅಜ್ಜ ಕಾಗದ ಹೊತ್ತ ರೀತಿ ಇದೇ. ಲಯನ್ಸರ ಟೀಕೆ ಅಂಗಡಿಗೆ ಬರುವಂತಿರಲಿಲ್ಲ, ಹಾಗಾಗಿ ಝೆರಾಕ್ಸ್ ಆಗಿ ತಿರುಗಿತು. ಝೆರಾಕ್ಸಿನ ಝೆರಾಕ್ಸು, ಅದರ ಝೆರಾಕ್ಸು, ಅಕ್ಷರ ಮಾಸಿ ಬೂದಿ ಬಣ್ಣಕ್ಕೆ ತಿರುಗುವವರೆಗೆ. ಪುಸ್ತಕವಾಗಿ ಕಾನೂನಿನ ಪ್ರಕಾರ ಅಚ್ಚಾದದ್ದು 1996ರಲ್ಲಿ, ಬರೆದು ಹತ್ತೊಂಬತ್ತು ವರ್ಷಗಳ ಮೇಲೆ. ಎರಡು ವರ್ಷಕ್ಕೆ ಲಯನ್ಸ್ ತೀರಿಕೊಂಡರು. ನಾವು ಹಾಸ್ಟೆಲಿನಲ್ಲಿ ಬಾಬಾಸಾಹೇಬರ ಬರಹಗಳನ್ನು ಹೀಗೇ ಝೆರಾಕ್ಸಿನಲ್ಲಿ ಓದಿದವರು, ಅದಕ್ಕೇ ಏನೋ ಆ ಮೇಷ್ಟ್ರು ನನಗೆ ಬೇರೆ ದೇಶದವರು ಅನ್ನಿಸುವುದಿಲ್ಲ.

1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ತನ್ನದೇ ಕರ್ನಲ್ ಬರೆದು ಎಲ್ಲರಿಗೂ ತೆರೆದಿಟ್ಟ. ಲಿನಕ್ಸ್ ಅದು. ಮೊದಲ ಆವೃತ್ತಿ ಹತ್ತು ಸಾವಿರ ಸಾಲಿನ ಆಸುಪಾಸು. ಈಗ ಮೂರು ಕೋಟಿ ದಾಟಿದೆ. ಅವನ ಮನೆಮಾತು ಸ್ವೀಡಿಷ್, ಮೊದಲ ಆವೃತ್ತಿಯ ಕೀಲಿಮಣೆ ಫಿನ್ನಿಷ್, ಕಾಮೆಂಟುಗಳು ಮಾತ್ರ ಇಂಗ್ಲಿಷ್. ಕೆಲಸಗಳಿಗೆ ಸರದಿ ಹಚ್ಚುವ ಭಾಗದ ಮೇಲೆ, ಇದು ಒಳ್ಳೆಯ ಕೋಡು, ಇದನ್ನು ಬದಲಿಸುವ ಪ್ರಸಂಗ ಬಹುಶಃ ಬರಲಾರದು ಎಂಬ ಅರ್ಥದ ಕಾಮೆಂಟನ್ನು ಆ ಹುಡುಗ ಬರೆದುಕೊಂಡಿದ್ದ. ಆ ಭಾಗವನ್ನು ಎಷ್ಟು ಸಲ ಕಿತ್ತು ಕಟ್ಟಿದ್ದಾರೆ ಎಂದರೆ, 2007ರಲ್ಲಿ ಒಂದು ಹೊಸ ಪದ್ಧತಿ, 2023ರಲ್ಲಿ ಇನ್ನೊಂದು. ಆದರೆ ಇದನ್ನು ನಗೆಯಾಗಿ ಮಾತ್ರ ನೋಡಬಾರದು. ಕರ್ನಲ್ಲಿನ ಕಾಮೆಂಟುಗಳ ತುಂಬ ಇಲ್ಲಿ ದುರಸ್ತಿ ಬೇಕು, ಇದು ತಾತ್ಕಾಲಿಕ, ಇದು ನನಗೆ ಖಾತ್ರಿಯಿಲ್ಲ ಎಂಬ ಗುರುತುಗಳು ಸಾವಿರಗಟ್ಟಲೆ ಇವೆ. ಸ್ಮೃತಿಗೆ ಭಾಷ್ಯ ಬರೆದ ಯಾವ ಪಂಡಿತ ಅಂಚಿನಲ್ಲಿ ಇಲ್ಲಿ ದುರಸ್ತಿ ಬೇಕು ಎಂದು ಬರೆದ? ಒಂದು ವ್ಯವಸ್ಥೆ ತನ್ನ ತಪ್ಪನ್ನು ತನ್ನ ತಿರುಳಿನಲ್ಲೇ ಬರೆದಿಟ್ಟುಕೊಳ್ಳುವ ಈ ರೂಢಿ ನನಗೆ ಬಹಳ ದೊಡ್ಡದಾಗಿ ಕಂಡಿದೆ.

ಷರಾ ಕಾನೂನಾದದ್ದೂ ಉಂಟು. ಸಿ ಭಾಷೆಯಲ್ಲಿ ಒಂದು ಆಯ್ಕೆಯಿಂದ ಮುಂದಿನದಕ್ಕೆ ಬೇಕೆಂದೇ ಜಾರಿ ಹೋಗುವ ಜಾಗಗಳಿವೆ. ಇದು ಮರೆವಿನಿಂದ ಆದದ್ದಲ್ಲ ಎಂದು ಬರೆದವರು ಕಾಮೆಂಟು ಹಾಕುತ್ತಿದ್ದರು. 2017ರಲ್ಲಿ ಬಂದ ಜಿಸಿಸಿ ಕಂಪೈಲರಿನ ಏಳನೆಯ ಆವೃತ್ತಿ ಆ ಕಾಮೆಂಟನ್ನೇ ಓದಿ, ಅದು ಇದ್ದಲ್ಲಿ ಎಚ್ಚರಿಕೆ ಕೊಡದೆ ಬಿಡುವುದನ್ನು, ಇಲ್ಲದಲ್ಲಿ ಕೊಡುವುದನ್ನು ಕಲಿಯಿತು. 2020ರಲ್ಲಿ ಕರ್ನಲ್ಲಿನವರು ಅಂಥ ಕಾಮೆಂಟುಗಳನ್ನು ತೆಗೆದು ಅದೇ ಅರ್ಥದ ಶಬ್ದವನ್ನು ಕೋಡಿನೊಳಗೇ ತಂದರು. ಬೂಸಾ ತಿರುಳಾಯಿತು. ಬೇಕೆನಿಸಿದರೆ ಆಗುತ್ತದೆ ಎಂದು ಆ ಕಂಪ್ಯೂಟರ್ ಹುಡುಗನಿಗೆ ಹೇಳಬೇಕಿತ್ತು ಅನಿಸುತ್ತದೆ.

ಇನ್ನು ಬೈಗುಳದ ಮಾತು. 70ರ ದಶಕದಲ್ಲಿ ದಲಿತ ಕವಿಗಳ ಭಾಷೆ ಒರಟು ಎಂದು ಮೂಗು ಮುರಿದವರು ಎಷ್ಟು ಮಂದಿ. ಕರ್ನಲ್ಲಿನ ಕಾಮೆಂಟುಗಳಲ್ಲೂ ಹೊಲಸು ಬೈಗುಳ ಇದ್ದವು, ಪತ್ರವ್ಯವಹಾರದಲ್ಲಿ ಇನ್ನೂ ಜಾಸ್ತಿ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬಾರದು. ಒಬ್ಬ ಬೈಯುವುದು ಒದೆ ತಿಂದು, ಇನ್ನೊಬ್ಬ ಬೈಯುವುದು ತನ್ನ ಮಾತೇ ಕೊನೆ ಎಂದು ಗೊತ್ತಿದ್ದು. 2018ರ ಸೆಪ್ಟೆಂಬರಿನಲ್ಲಿ ಟೋರ್ವಾಲ್ಡ್ಸ್ ತನ್ನ ನಡತೆಗೆ ಕ್ಷಮೆ ಕೇಳಿ ಸ್ವಲ್ಪ ದಿನ ದೂರ ಕೂತ. ಅದೇ ತಿಂಗಳು ಕರ್ನಲ್ಲಿಗೆ ಒಂದು ನಡತೆಯ ನಿಯಮಾವಳಿ ಬಂತು. ಬೇರೆ ಕಡೆ ಬಳಕೆಯಲ್ಲಿದ್ದ ಒಂದು ಮಾದರಿಯ 1.4ನೆಯ ಆವೃತ್ತಿಯನ್ನು ತಂದು ಕರ್ನಲ್ಲಿಗೆ ಹೊಂದಿಸಿಕೊಂಡರು. ಯಾವ ಯಾವ ಭೇದ ಮಾಡಕೂಡದು ಎಂಬ ಪಟ್ಟಿ ಅದರಲ್ಲಿದೆ: ವಯಸ್ಸು, ಅಂಗವಿಕಲತೆ, ಜನಾಂಗ, ಲಿಂಗ, ಧರ್ಮ, ರಾಷ್ಟ್ರೀಯತೆ, ಮೈಕಟ್ಟು ಕೂಡ. ಜಾತಿ ಇಲ್ಲ. ಅದೇ ಮಾದರಿಯ ಮುಂದಿನ 2.1ನೆಯ ಆವೃತ್ತಿಯಲ್ಲಿ ಜಾತಿ ಎಂಬ ಶಬ್ದ ಸೇರಿದೆ. ಕರ್ನಲ್ಲು ಇನ್ನೂ ಹಳೆಯದನ್ನೇ ಇಟ್ಟುಕೊಂಡಿದೆ.

2020ರ ಬೇಸಿಗೆ ಮುಗಿಯುತ್ತಿದ್ದ ಹಾಗೆ ಎರಡು ಘಟನೆ ಒಂದೇ ವಾರದಲ್ಲಿ ನಡೆದವು. ಜೂನ್ 30ರಂದು ಕ್ಯಾಲಿಫೋರ್ನಿಯಾ ಸರಕಾರದ ಇಲಾಖೆಯೊಂದು ಸಿಸ್ಕೊ ಕಂಪನಿ ಮತ್ತು ಅದರ ಇಬ್ಬರು ಮೇಲ್ವಿಚಾರಕರ ಮೇಲೆ ದಾವೆ ಹೂಡಿತು. ಭಾರತೀಯ ಮೂಲದ ದಲಿತ ಇಂಜಿನಿಯರನೊಬ್ಬನಿಗೆ ಜಾತಿಯ ಕಾರಣಕ್ಕೆ ಅನ್ಯಾಯವಾಗಿದೆ ಎಂಬುದು ಆರೋಪ. ಕಂಪನಿ ಅದನ್ನು ಅಲ್ಲಗಳೆಯಿತು. 2023ರಲ್ಲಿ ಆ ಇಬ್ಬರ ಮೇಲಿನ ದಾವೆಯನ್ನು ಇಲಾಖೆಯೇ ಹಿಂದಕ್ಕೆ ತೆಗೆದುಕೊಂಡಿತು. ಇದು ಒಂದು ಘಟನೆ. ಜುಲೈ 4ರಂದು ಇಂಟೆಲ್ಲಿನ ಡ್ಯಾನ್ ವಿಲಿಯಮ್ಸ್ ಕರ್ನಲ್ಲಿಗೆ ಒಂದು ತಿದ್ದುಪಡಿ ಮುಂದಿಟ್ಟರು. ಒಂದು ಸಾಧನ ಇನ್ನೊಂದರ ಹತೋಟಿಯಲ್ಲಿದ್ದರೆ ಧಣಿ-ಗುಲಾಮ ಎಂಬ ಜೋಡಿ ಹೆಸರು, ಬೇಡದವರ ಪಟ್ಟಿಗೆ ಕಪ್ಪುಪಟ್ಟಿ ಎಂಬ ಹೆಸರು ಕರ್ನಲ್ಲಿನ ಉದ್ದಗಲಕ್ಕೂ ಇದ್ದವು. ಹೊಸದಾಗಿ ಇಂಥ ಹೆಸರು ಬೇಡ ಎಂಬುದು ತಿದ್ದುಪಡಿ. ಮೊದಲ ಕರಡಿನಲ್ಲಿ ಆಫ್ರಿಕದ ಗುಲಾಮರ ವ್ಯಾಪಾರದ ಚರಿತ್ರೆಯ ಬಗ್ಗೆ ಒಂದು ಟಿಪ್ಪಣಿಯೂ ಇತ್ತು. ವಾರದೊಳಗೆ ಟೋರ್ವಾಲ್ಡ್ಸ್ ಒಪ್ಪಿ ಸೇರಿಸಿಕೊಂಡ. ಸೇರಿದ್ದು ಕೋಡಿನ ಶೈಲಿಯ ದಾಖಲೆಯಲ್ಲಿ ಒಂದು ಸಣ್ಣ ಭಾಗ. ಚರಿತ್ರೆಯ ಟಿಪ್ಪಣಿ ಸೇರಲಿಲ್ಲ. ಅಂದರೆ ಶಬ್ದ ತಿದ್ದಿದರು, ಯಾಕೆ ತಿದ್ದಿದೆವು ಎಂಬ ಷರಾ ಬಿಟ್ಟುಹೋಯಿತು. ನನಗೆ ಅಜ್ಜನ ಉತಾರ ನೆನಪಾದದ್ದು ಇಲ್ಲೇ.

ಆ ನಿಯಮಕ್ಕೆ ಒಂದು ವಿನಾಯಿತಿ ಇದೆ. ಕರ್ನಲ್ಲಿನ ಹೊರಗಿನ ಪ್ರೋಗ್ರಾಮುಗಳು ಈಗಾಗಲೇ ನಂಬಿಕೊಂಡಿರುವ ಹೆಸರುಗಳನ್ನು ಮುಟ್ಟುವಂತಿಲ್ಲ, ಮುಟ್ಟಿದರೆ ನಡೆಯುತ್ತಿರುವ ಕೆಲಸ ನಿಲ್ಲುತ್ತದೆ. ತಾಂತ್ರಿಕವಾಗಿ ಇದು ಸರಿಯಾದ ಮಾತು, ನಾನೂ ಇದನ್ನೇ ಕಲಿಸುತ್ತೇನೆ. ಆದರೆ ಈ ಮಾತಿನ ಧಾಟಿ ಊರ ಚಾವಡಿಯಲ್ಲಿ ಕೇಳಿದ್ದೇ. ಹೊಸ ಮಂದಿ ಬೇಕಾದ್ದು ಕರೀರಿ, ಹಳೇ ಪದ್ಧತಿ ಮುಟ್ಟಬ್ಯಾಡ್ರಿ, ಊರು ನಡೀಬೇಕಲ್ಲ. ಅಸ್ಪೃಶ್ಯರನ್ನು ಹರಿಜನ ಅಂದರು, ಪರಿಶಿಷ್ಟ ಅಂದರು, ಬಾವಿಯ ಹಗ್ಗ ಅದೇ ಇತ್ತು. ಹಾಗೆಂದು ಹೆಸರು ಬದಲಿಸುವುದು ಬರೇ ತೋರಿಕೆ ಎನ್ನುವವರ ಗುಂಪಿಗೆ ನಾನು ಸೇರಲಾರೆ. ದಲಿತ ಎಂಬ ಹೆಸರನ್ನು ನಾವೇ ಇಟ್ಟುಕೊಂಡಾಗ ಏನಾಯಿತು ಎಂದು ಕಂಡವನು ನಾನು. ಯಾರು ಇಟ್ಟರು ಎಂಬುದೇ ಇಲ್ಲಿನ ಪ್ರಶ್ನೆ.

ಹೆಸರಿನ ಮಾತಿಗೇ ಬಂದರೆ ಇನ್ನೊಂದಿದೆ. 2003ರಲ್ಲಿ ಎಸ್‌ಸಿಒ ಎಂಬ ಕಂಪನಿ ಲಿನಕ್ಸಿನಲ್ಲಿ ತನ್ನ ಕೋಡು ಕದ್ದು ಸೇರಿಸಿದ್ದಾರೆಂದು ಕೋರ್ಟಿಗೆ ಹೋಯಿತು. ಅದರ ಬೆನ್ನಿಗೆ 2004ರಿಂದ ಕರ್ನಲ್ಲಿಗೆ ಬರುವ ಪ್ರತಿ ತಿದ್ದುಪಡಿಗೂ ಸಹಿಯ ಸಾಲು ಕಡ್ಡಾಯವಾಯಿತು. ನಿಜವಾದ ಹೆಸರು ಬೇಕು, ಗುಪ್ತನಾಮ ಸಲ್ಲದು ಎಂಬುದು ನಿಯಮ. ಪ್ರಾಮಾಣಿಕತೆಗಾಗಿ ಮಾಡಿದ್ದು, ತಕರಾರಿಲ್ಲ. ಆದರೆ ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯವರಿಗೆ ನಿಜವಾದ ಹೆಸರು ಅಂದರೆ ಅಡ್ಡಹೆಸರು, ಅಡ್ಡಹೆಸರು ಅಂದರೆ ಕೇರಿ. ಹೆಲ್ಸಿಂಕಿಯವರಿಗೆ ಅದು ಬರೇ ಹೆಸರು. ಬೆಂಗಳೂರಿನ ಆಫೀಸಿನಲ್ಲಿ ಪಕ್ಕದ ಕುರ್ಚಿಯವನಿಗೆ ಅದು ಉತಾರ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಒಂದು ಸಣ್ಣ ತಪ್ಪು ತಿದ್ದಿ ಕಳಿಸಬೇಕೆಂದು ಎಲ್ಲ ಸಿದ್ಧಮಾಡಿಕೊಂಡು, ಸಹಿಯ ಸಾಲಿಗೆ ಬಂದು ನಿಂತುಬಿಟ್ಟ. “ಕೋಡ್ ನೋಡ್ತಾರೋ ಹೆಸರ ನೋಡ್ತಾರೋ ಸರ್?” ಅಂದ. ಕೋಡನ್ನೇ ನೋಡುತ್ತಾರೆ ಅಂದೆ. ಅವನು ಕಳಿಸಲಿಲ್ಲ. 2023ರಲ್ಲಿ ನಿಜವಾದ ಹೆಸರು ಎಂಬಲ್ಲಿ ಪರಿಚಿತ ಗುರುತು ಇದ್ದರೆ ಸಾಕು ಎಂದು ನಿಯಮ ಸಡಿಲಾಯಿತು. ಆಗ ಅವನಿಗೆ ಫೋನು ಮಾಡಿದೆ. ಅಷ್ಟರಲ್ಲಿ ಆ ತಪ್ಪನ್ನು ಬೇರೆ ಯಾರೋ ತಿದ್ದಿದ್ದರು.

ಲಿನಕ್ಸು ಎಲ್ಲರದು ಎನ್ನುತ್ತಾರೆ. ನಮ್ಮ ತಾಲೂಕಿನ ಕರೆಂಟು 1969ರಿಂದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘದ್ದು. ಸಂಘದ ಸದಸ್ಯರು ಅದರ ಒಡೆಯರು. ಆದರೆ ಒಡೆಯನಾದ ಮಾತ್ರಕ್ಕೆ ಮೀಟರಿನ ಒಳಗೇನಿದೆ ಎಂದು ತಿಳಿಯುವುದಿಲ್ಲ, ಯಾರಾದರೂ ಬಿಚ್ಚಿ ತೋರಿಸಬೇಕು. ಕರ್ನಲ್ಲಿನ ಜೊತೆಗೇ ಬರುವ ದಾಖಲೆಗಳ ಫೋಲ್ಡರಿನಲ್ಲಿ ಅನುವಾದಗಳ ಒಂದು ವಿಭಾಗವಿದೆ. ಚೀನಿ, ಜಪಾನಿ, ಕೊರಿಯನ್, ಇಟಾಲಿಯನ್, ಸ್ಪ್ಯಾನಿಷ್ ಇವೆ. ಕನ್ನಡ ಬಿಡಿ, ಭಾರತದ ಒಂದು ಭಾಷೆಯೂ ನಾನು ನೋಡಿದಾಗ ಅಲ್ಲಿರಲಿಲ್ಲ. ಕರ್ನಲ್ಲಿಗೆ ಕೋಡು ಬರೆಯುವ ಭಾರತೀಯರು ಕಡಿಮೆ ಏನಿಲ್ಲ. ಅವರಿಗೆ ಅನುವಾದ ಬೇಕಿಲ್ಲ, ಅಷ್ಟೇ. ಇಂಗ್ಲಿಷ್ ಮನೆಯಲ್ಲೇ ಸಿಕ್ಕವರು ಒಳಗೆ ಹೋಗಿ ಬಾಗಿಲನ್ನು ಹಾಗೇ ಬಿಟ್ಟರು. ಮುಚ್ಚಲಿಲ್ಲ, ತೆಗೆಯಲೂ ಇಲ್ಲ.

ಹೋದ ವರ್ಷದಿಂದ ನಮ್ಮ ಕೇರಿಯ ಹುಡುಗಿಯೊಬ್ಬಳು ಸಂಜೆ ಹೊತ್ತು ನನ್ನ ಹತ್ತಿರ ಬರುತ್ತಾಳೆ. ಕರ್ನಲ್ಲಿಗೆ ಜೋಡಿಸುವ ನಾಲ್ಕು ಸಾಲಿನ ಮಾಡ್ಯೂಲು ಬರೆಯುವುದನ್ನು ಹೇಳಿಕೊಟ್ಟೆ, ಕಾಮೆಂಟು ಕನ್ನಡದಾಗ ಬರಿ, ಕಂಪೈಲರ್ ಹ್ಯಾಂಗೂ ಓದೂದಿಲ್ಲ ಅಂದೆ. ಬರೆದಳು, ಕಂಪೈಲ್ ಆಯಿತು. ಹೊರಬಂದ ಫೈಲನ್ನು ಬಿಚ್ಚಿ ಹುಡುಕಿದಳು. “ನಾ ಬರದದ್ದು ಎಲ್ಲಿ ಹೋತ್ರಿ ಸರ್?” ಮೂಲದಾಗ ಐತಲ್ಲವಾ ಅಂದೆ. ಮೂಲ ತೆಗೆದು ನೋಡಿದಳು. ಲೈಸೆನ್ಸು ಯಾವುದೆಂದು ಹೇಳುವ ಸಾಲಿನ ಮುಂದೆ, ಈ ಸಾಲು ಯಾಕ ಬೇಕು ನನಗ ಇನ್ನೂ ತಿಳಿದಿಲ್ಲ, ತಿಳಿದ ಮ್ಯಾಲ ಬರೀತೀನಿ, ಅಂತ ಬರೆದಿದ್ದಳು. ಆ ಸಾಲು ತೆಗೆದರೆ ಏನಾಗುತ್ತದೆ ನೋಡೋಣ ಎಂದು ತೆಗೆದು ಮತ್ತೆ ಕಂಪೈಲ್ ಮಾಡಿದೆವು. ಆಗಲಿಲ್ಲ. ಯಾಕೆ ಎಂದು ದಾಖಲೆಗಳ ಫೋಲ್ಡರು ತೆಗೆದು ಕೂತೆವು. ಇಂಗ್ಲಿಷಿನ ಮೊದಲ ಪ್ಯಾರಾ ಬಿಡಿಸುವಷ್ಟರಲ್ಲಿ ಎಂಟೂವರೆ ಆಯಿತು, ಅವಳ ಅವ್ವ ಬಾಗಿಲಿಗೆ ಬಂದು ಕರೆದಳು.